"ಕರ್ತನಿಗೆ ಒಪ್ಪಿಸಿಬಿಡು" ಅನ್ನುತ್ತಾರೆ. ಒಪ್ಪಿಸುವುದು ಅಂದರೆ ಏನು ಮಾಡುವುದು?

ಹುಬ್ಬಳ್ಳಿ_ಸೊಸೆ
ಎಲ್ಲರಿಗೂ ವಂದನೆ. ಮನೆಯಲ್ಲಿ ಹೇಳುವಂತಿಲ್ಲ, ಸಭೆಯಲ್ಲಿ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯ ಕುಟುಂಬ. ಗಂಡನ ಮನೆಯವರು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದಲೂ ಕ್ರೈಸ್ತರು. ಅತ್ತೆಗೆ 4 ತಿಂಗಳ ಹಿಂದೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿವೆ. ಮಾತಿಲ್ಲ. ಎಷ್ಟೋ ವರ್ಷ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಹಾಡು ಕಲಿಸಿದ ಹೆಂಗಸು, ಈಗ "ಹೂಂ" ಅನ್ನುವುದೂ ಕಷ್ಟ. ಗಂಡನದು ಪಾಳಿ ಕೆಲಸ. ಮಗ ಪಿಯುಸಿ, ಮಗಳು 6ನೇ ಕ್ಲಾಸು. ಅತ್ತೆಯನ್ನು ನೋಡಿಕೊಳ್ಳುವುದು ನಾನೇ.

ಮಂಗಳವಾರ ರಾತ್ರಿ ಗಂಜಿ ತಿನ್ನಿಸುತ್ತಿದ್ದೆ. ಒಂದು ಚಮಚ ಹಾಕಿದರೆ ಅರ್ಧ ಹೊರಗೆ. ಮೂರನೇ ಸಲ ಉಗುಳಿದ್ದು ಆಗಷ್ಟೇ ಹಾಸಿದ್ದ ಬೆಡ್‌ಶೀಟ್ ಮೇಲೆ ಬಿತ್ತು. ನನಗೆ ಏನಾಯಿತೋ. "ಸಾಕು ಮಾಡ್ರಿ ನಿಮ್ಮ ಹಟ" ಅಂತ ಕೂಗಿ ಬಟ್ಟಲನ್ನು ನೆಲಕ್ಕೆ ಕುಕ್ಕಿದೆ. ಸ್ಟೀಲ್ ಬಟ್ಟಲು ಗಿರಗಿರ ಸುತ್ತುತ್ತಾ ಮಂಚದ ಕೆಳಗೆ ಹೋಯಿತು. ಆ ಸದ್ದು ನಿಲ್ಲುವವರೆಗೂ ಯಾರೂ ಮಾತಾಡಲಿಲ್ಲ. ಅತ್ತೆ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಮಗಳು ಬಾಗಿಲಲ್ಲಿ ನಿಂತು ಎಲ್ಲಾ ನೋಡಿದಳು.

ಅರ್ಧ ಗಂಟೆ ಬಿಟ್ಟು ಕುಟುಂಬ ಪ್ರಾರ್ಥನೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಎಲ್ಲರೂ ಹೇಳುತ್ತಿದ್ದಾರೆ. "ನಿನ್ನ ಚಿತ್ತವು" ಅನ್ನುವ ಕಡೆ ನನ್ನ ಬಾಯಿ ಕಟ್ಟಿತು. ಇವತ್ತಿಗೆ ನಾಲ್ಕು ದಿನ. ಆ ಸಾಲು ಹೇಳಲು ಆಗುತ್ತಿಲ್ಲ.

ನೋಡಲು ಬಂದವರೆಲ್ಲ "ಕರ್ತನಿಗೆ ಒಪ್ಪಿಸಿಬಿಡಮ್ಮ" ಅನ್ನುತ್ತಾರೆ. ನಾದಿನಿ ಪುಣೆಯಿಂದ ಫೋನ್ ಮಾಡಿ "ವೈನಿ, ಎಲ್ಲಾ ಒಪ್ಪಿಸಿಬಿಡಿ, ಭಾರ ಇಳಿಯುತ್ತದೆ" ಅನ್ನುತ್ತಾಳೆ. ಒಪ್ಪಿಸಿದೆ ಅಂತ ಬಾಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಬೆಳಿಗ್ಗೆ ಐದಕ್ಕೆ ಎದ್ದರೆ ಅದೇ ಭಾರ ಮಂಚದ ಪಕ್ಕ ಕಾದಿರುತ್ತದೆ. ತಿಳಿದವರು ದಯವಿಟ್ಟು ಹೇಳಿ. ಒಪ್ಪಿಸುವುದು ಅಂದರೆ ಕೈಯಿಂದ, ಬಾಯಿಂದ, ಮನಸ್ಸಿನಿಂದ ಏನು ಮಾಡುವುದು?

ಕಡಲತೀರ
ಅಕ್ಕ, ಓದಿ ಕಣ್ಣು ತುಂಬಿತು. ನಾಲ್ಕು ತಿಂಗಳು ಒಬ್ಬರೇ ಮಾಡಿದ್ದೀರಿ ಮಾರಾಯ್ರೆ. ಬಟ್ಟಲು ಕುಕ್ಕಿದ್ದು ಒಂದು ದಿನ. ಉಳಿದ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ವಾಕ್ಯವೇ_ದೀಪ
ಸಹೋದರಿ, ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪೂರ್ತಿ ಒಪ್ಪಿಸಿಕೊಟ್ಟವರಿಗೆ ಸಿಟ್ಟು ಬರುವುದಿಲ್ಲ. ಸಿಟ್ಟು ಬಂತು ಅಂದರೆ ಎಲ್ಲೋ ನಂಬಿಕೆ ಸಡಿಲವಾಗಿದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಂದು ಗಂಟೆ ಮೊಣಕಾಲೂರಿ. ಎಫೆಸದವರಿಗೆ ಬರೆದ ಪತ್ರ 5:22 ಓದಿ. ಗಂಡನಿಗೆ ಅಧೀನಳಾಗಿರುವುದು, ಅವನ ಮನೆಯವರ ಸೇವೆ ಮಾಡುವುದು, ಇದೂ ಒಪ್ಪಿಸಿಕೊಡುವುದರಲ್ಲೇ ಬರುತ್ತದೆ.

ರಾತ್ರಿಪಾಳಿ
ಐದಕ್ಕೆ ಏಳುತ್ತಿರುವವರಿಗೆ ನಾಲ್ಕಕ್ಕೆ ಏಳಿ ಅನ್ನುತ್ತೀರಾ? ನಾನು ನರ್ಸ್. ನಿದ್ದೆ ಇಲ್ಲದೆ ರೋಗಿಯನ್ನು ನೋಡಿಕೊಳ್ಳುವವರು ಮೊದಲು ಕಳೆದುಕೊಳ್ಳುವುದೇ ತಾಳ್ಮೆಯನ್ನು. ಅದನ್ನು ನಂಬಿಕೆಯ ಕೊರತೆ ಅಂತ ಕರೆಯಬೇಡಿ.

ಅಕ್ಕ, ನಿಮ್ಮ ಅತ್ತೆಯ ಬಗ್ಗೆ ಒಂದು ಮುಖ್ಯ ವಿಷಯ ಹೇಳಬೇಕು. ಡ್ಯೂಟಿ ಮುಗಿಸಿ ಬಂದು ಬರೆಯುತ್ತೇನೆ.

ಮೂರನೇ_ಮಗ
5:22 ಓದುವ ಮುಂಚೆ 5:21 ಓದಿ ಸರ್. ಒಬ್ಬರಿಗೊಬ್ಬರು ಅಧೀನರಾಗಿರಿ ಅಂತ ಅಲ್ಲಿದೆ. ಆಮೇಲೆ 25ಕ್ಕೆ ಬನ್ನಿ. ಗಂಡಂದಿರಿಗೆ ಹೇಳಿದ ಮಾತದು: ಕ್ರಿಸ್ತ ಸಭೆಗೋಸ್ಕರ ತನ್ನನ್ನೇ ಒಪ್ಪಿಸಿಕೊಟ್ಟ ಹಾಗೆ ನೀವೂ ಹೆಂಡತಿಯನ್ನು ಪ್ರೀತಿಸಿ ಅಂತ. ಅಂದರೆ ಆ ಅಧ್ಯಾಯದಲ್ಲಿ ತನ್ನನ್ನು ಒಪ್ಪಿಸಿಕೊಡುವ ಮಾತು ಬರುವುದು ಗಂಡಸರಿಗೆ ಹೇಳುವ ಜಾಗದಲ್ಲಿ. ನಮ್ಮ ಮನೆಗಳಲ್ಲಿ ಮಾತ್ರ ಅದು ಯಾವಾಗಲೂ ಹೆಂಗಸರ ಪಾಲಿಗೆ ಬೀಳುತ್ತದೆ.

ಅಕ್ಕ, ಗಂಡ ಏನು ಮಾಡುತ್ತಾರೆ? ಪಾಳಿ ಎಂಟು ಗಂಟೆ. ಉಳಿದ ಹದಿನಾರು?

ಶಿವಾಜಿನಗರದವಳು
ಎಲ್ಲರಿಗೂ ಮಾರ್ಥಾ ಮರಿಯರ ಕತೆ ಹೇಳುವುದೊಂದು ಅಭ್ಯಾಸ. ಮಾರ್ಥಾ ಅಡುಗೆಮನೆಯಲ್ಲಿ ಒದ್ದಾಡಿದಳು, ಮರಿಯ ಸುಮ್ನೆ ಪ್ರಭುವಿನ ಪಾದದ ಬಳಿ ಕೂತಳು, ಮರಿಯಳಂತೆ ಇರು ಅಂತ. ಸರಿ. ಆದರೆ ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯ ಯಾರೂ ತೆಗೆಯುವುದಿಲ್ಲ. ತಮ್ಮ ಲಾಜರ ಸತ್ತಾಗ ಎದ್ದು ದಾರಿಗೆ ಬಂದವಳು ಅದೇ ಮಾರ್ಥಾ. "ನೀವು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ" ಅಂತ ಪ್ರಭುವಿಗೇ ಮುಖದ ಮೇಲೆ ಹೇಳಿದವಳು ಅವಳು. ನೀವೇ ಕ್ರಿಸ್ತ, ದೇವರ ಮಗ ಅಂತ ಸಾರಿ ಹೇಳಿದವಳೂ ಅವಳೇ. ಅಡುಗೆಮನೆಯವಳ ಬಾಯಿಂದಲೇ ಅಷ್ಟು ದೊಡ್ಡ ನಂಬಿಕೆಯ ಮಾತು ಬಂತು. ಮೊದಲು ದೂರು, ಆಮೇಲೆ ನಂಬಿಕೆ, ಒಂದೇ ಉಸಿರಿನಲ್ಲಿ.

ನಿವೃತ್ತ_ಮೇಷ್ಟ್ರು
ಹುಬ್ಬಳ್ಳಿಯ ತಂಗಿಗೆ ಬೆಟಗೇರಿಯಿಂದ ವಂದನೆ. ನಾನು ಕನ್ನಡ ಶಾಲೆಯಲ್ಲಿ 31 ವರ್ಷ ಪಾಠ ಹೇಳಿದವನು. "ಒಪ್ಪಿಸು" ಅನ್ನುವ ಮಾತನ್ನು ನಾನು ಸಭೆಗಿಂತ ಮೊದಲು ಶಾಲೆಯಲ್ಲಿ ಕಲಿತೆ. ಮಗ್ಗಿ ಒಪ್ಪಿಸು, ಪದ್ಯ ಒಪ್ಪಿಸು ಅನ್ನುತ್ತಿದ್ದರು. ಹುಡುಗ ಎದ್ದು ನಿಂತು ಕೈಕಟ್ಟಿಕೊಂಡು ಬಂದಷ್ಟು ಹೇಳುತ್ತಾನೆ. ಹದಿಮೂರರ ಮಗ್ಗಿ ಹದಿಮೂರೇಳರ ಹತ್ತಿರ ನಿಂತುಹೋಗುತ್ತದೆ. ಮೇಷ್ಟ್ರು ಅಲ್ಲಿಂದ ಎತ್ತಿಕೊಡುತ್ತಾರೆ. ನಾಳೆ ಮತ್ತೆ ಎದ್ದು ನಿಲ್ಲುತ್ತಾನೆ. ಒಂದೇ ದಿನ ಒಪ್ಪಿಸಿ ಮುಗಿಸಿದ ಹುಡುಗನನ್ನು ನಾನು ಕಂಡಿಲ್ಲ.

ಇನ್ನೊಂದು, ಲೆಕ್ಕ ಒಪ್ಪಿಸುವುದು. ಅಂಗಡಿಯಲ್ಲಿ ಕೂತವನು ರಾತ್ರಿ ಧಣಿಗೆ ಆ ದಿನದ ಲೆಕ್ಕ ಒಪ್ಪಿಸುತ್ತಾನೆ. ಲಾಭದ ದಿನ ಮಾತ್ರ ಒಪ್ಪಿಸಿ ನಷ್ಟದ ದಿನ ಪುಸ್ತಕ ಮುಚ್ಚಿಟ್ಟರೆ ಅದು ಒಪ್ಪಿಸಿದ ಹಾಗಲ್ಲ.

ತಂಗಿ, ನೀವು ದೇವರಿಗೆ ಭಾರ ಒಪ್ಪಿಸಿದಿರಿ. ಆ ಬಟ್ಟಲನ್ನು ಒಪ್ಪಿಸಿದಿರಾ? "ಇವತ್ತು ಇಷ್ಟೊತ್ತಿಗೆ ಬಟ್ಟಲು ಕುಕ್ಕಿದೆ, ನನಗೆ ಸಾಕಾಗಿದೆ, ಈ ಹೆಂಗಸಿನ ಮೇಲೆ ಸಿಟ್ಟು ಬಂದಿದೆ" ಅಂತ ಬಿಡಿಸಿ ಹೇಳಿದಿರಾ? ಹೇಳದೆ ಮುಂದಿನ ಸಾಲಿಗೆ ಹೋಗಲು ನೋಡಿದಿರಿ, ಬಾಯಿ ಕಟ್ಟಿತು. ನನಗೆ ಹಾಗನ್ನಿಸುತ್ತದೆ. ಬಾಯಿ ಕಟ್ಟಿದ್ದು ನಿಮ್ಮ ನಂಬಿಕೆ ಜೀವಂತ ಇರುವುದಕ್ಕೆ. 13ನೇ ಕೀರ್ತನೆ ತೆಗೆದು ನೋಡಿ. ಶುರುವಾಗುವುದೇ "ಎಲ್ಲಿಯವರೆಗೆ" ಅನ್ನುವ ಪ್ರಶ್ನೆಯಿಂದ. ದಾವೀದನೂ ಮೊದಲು ನಷ್ಟದ ಲೆಕ್ಕವನ್ನೇ ಒಪ್ಪಿಸಿದ.

ಕಡಲತೀರ
ಮೇಷ್ಟ್ರೇ, ಹದಿಮೂರೇಳರ ಹತ್ತಿರ ನಾನೂ ನಿಲ್ಲುತ್ತಿದ್ದೆ.

ಬೀದರ್_ರೊಟ್ಟಿ
ನಾವು ಬೀದರ್ ಕಡೆಯ ಮೆಥಡಿಸ್ಟರು. ನಮ್ಮವ್ವನಿಗೆ ಓದು ಬರುತ್ತಿರಲಿಲ್ಲ. ಆರು ಮಕ್ಕಳು, ಹೊಲದ ಕೆಲಸ. ಮೊಣಕಾಲೂರಲು ಟೈಮ್ ಎಲ್ಲಿ? ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವಾಗ ಒಂದೊಂದು ರೊಟ್ಟಿಗೆ ಒಂದೊಂದು ಹೆಸರು ಹಿಡಿಯುತ್ತಿದ್ದಳು. ಹಿಟ್ಟಿನ ಉಂಡೆ ಕಲ್ಲಿನ ಮೇಲೆ ಇಟ್ಟಾಗ ಹೆಸರು. ತಟ್‌ತಟ್ ಅಂತ ಬಡಿಯುವಷ್ಟು ಹೊತ್ತು ಆ ಹುಡುಗನ ಜ್ವರ, ಈ ಹುಡುಗಿಯ ಪರೀಕ್ಷೆ. ಹಂಚಿನ ಮೇಲೆ ಹಾಕಿ ನೀರು ಸವರಿದಳು ಅಂದರೆ ಆ ಹೆಸರು ಮುಗಿಯಿತು, ಮುಂದಿನದು. "ಹಂಚಿಗೆ ಹಾಕಿದ ಮ್ಯಾಲೆ ಬೆಂಕಿ ಬೇಯಿಸ್ತದ, ನಾ ಅಲ್ಲ" ಅನ್ನುತ್ತಿದ್ದಳು. ಒಪ್ಪಿಸುವುದು ಅಂದರೆ ನನಗೆ ಇವತ್ತಿಗೂ ಅದೇ. ಬಡಿಯುವವರೆಗೂ ಕೈ ನಮ್ಮದು.

ನಮ್ಮ ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿಯ ತಾಯಿ ಸುಸಾನಾಗೆ 19 ಮಕ್ಕಳು ಹುಟ್ಟಿದ್ದವು, ಅರ್ಧದಷ್ಟು ಚಿಕ್ಕಂದಿನಲ್ಲೇ ತೀರಿಕೊಂಡವು. ಮನೆಯಲ್ಲಿ ಒಬ್ಬಳೇ ಕೂರಲು ಜಾಗ ಇಲ್ಲದೆ ಏಪ್ರನ್ ಎತ್ತಿ ತಲೆ ಮೇಲೆ ಹಾಕಿಕೊಂಡು ಪ್ರಾರ್ಥನೆ ಮಾಡುತ್ತಿದ್ದಳು ಅಂತ ನಮ್ಮಲ್ಲಿ ಹೇಳುತ್ತಾರೆ. ಅವ್ವನಿಗೆ ಈ ಕತೆ ಹೇಳಿದಾಗ "ನಮಗ ಸೆರಗ ಐತಲ್ಲ" ಅಂದಳು.

ಪಕ್ಕದ್ಮನೆ
ನಾನು ಲಿಂಗಾಯತ. ಧಾರವಾಡದಲ್ಲಿ ನಮ್ಮ ಗೋಡೆಗೆ ಅಂಟಿಕೊಂಡ ಮನೆ ಕ್ರೈಸ್ತರದು. ಅವರ ಸಂಜೆ ಹಾಡು ಕೇಳಿಕೊಂಡೇ ಬೆಳೆದೆ, ಅದಕ್ಕೆ ಮಾತಾಡುವ ಸಲಿಗೆ. ರೊಟ್ಟಿಯ ಮಾತು ಓದಿ ಬಸವಣ್ಣನವರ "ಕಾಯಕವೇ ಕೈಲಾಸ" ನೆನಪಾಯಿತು.

ನಿವೃತ್ತ_ಮೇಷ್ಟ್ರು
ಸಣ್ಣ ತಿದ್ದುಪಡಿ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಕಾಯಕದಲ್ಲಿ ಮುಳುಗಿದ್ದರೆ ಗುರುದರ್ಶನವನ್ನೂ ಮರೆಯಬೇಕು ಅನ್ನುವಷ್ಟು ದೂರ ಹೋಗುತ್ತಾರೆ ಅವರು.

ಪಕ್ಕದ್ಮನೆ
ಹೌದಾ ಸರ್! ಇಷ್ಟು ವರ್ಷ ತಪ್ಪು ಹೇಳುತ್ತಿದ್ದೆ. ಧನ್ಯವಾದ.

ವಾಕ್ಯವೇ_ದೀಪ
ಒಳ್ಳೆಯ ಮಾತೇ. ಆದರೆ ಎಲ್ಲವನ್ನೂ ಬೆರೆಸಬೇಡಿ. ನಾವು ಕೆಲಸಕ್ಕೆ ಒಪ್ಪಿಸಿಕೊಡುವುದಿಲ್ಲ, ಕರ್ತನಿಗೆ ಒಪ್ಪಿಸಿಕೊಡುತ್ತೇವೆ.

ಬೀದರ್_ರೊಟ್ಟಿ
ಒಪ್ಪುತ್ತೇನೆ ಅಣ್ಣಾ. ಅವ್ವ ರೊಟ್ಟಿಗೆ ಕೈ ಮುಗಿಯಲಿಲ್ಲ. ರೊಟ್ಟಿ ಬಡಿಯುತ್ತಾ ಕರ್ತನ ಜೊತೆ ಮಾತಾಡಿದಳು.

ಮೂರನೇ_ಮಗ
ನನ್ನ ತೊಡಕು ಬೇರೆ. "ನಿನ್ನ ಚಿತ್ತ" ಅನ್ನುತ್ತೇವಲ್ಲ, ಹಾಗಾದರೆ ಈ ಲಕ್ವ ದೇವರ ಚಿತ್ತವಾ? ನನ್ನ ಅಪ್ಪ 2021ರಲ್ಲಿ ಕೊರೊನಾದಲ್ಲಿ ಹೋದರು. ಆಕ್ಸಿಜನ್ ಬೆಡ್‌ಗೆ ಒಂದಿಡೀ ದಿನ ಅಲೆದೆವು. ಮಣ್ಣು ಮಾಡಿ ಬಂದ ದಿನ ಒಬ್ಬರು ಹೆಗಲ ಮೇಲೆ ಕೈಯಿಟ್ಟು "ದೇವರ ಚಿತ್ತ" ಅಂದರು. ಅವತ್ತಿನಿಂದ ನಾನು ಆರಾಧನೆಗೆ ಹೋಗಿಲ್ಲ. ಇಲ್ಲಿ ಯಾಕೆ ಓದುತ್ತಾ ಕೂತಿದ್ದೇನೆ ಅಂತ ನನಗೂ ಗೊತ್ತಿಲ್ಲ.

ಶಿವಾಜಿನಗರದವಳು
ತಮ್ಮಾ, ನಿಮ್ಮ ಅಪ್ಪನಿಗಾಗಿ ಈ ಶನಿವಾರ ಬೆಸಿಲಿಕಾದಲ್ಲಿ ಒಂದು ಮೇಣದಬತ್ತಿ ಹಚ್ಚುತ್ತೇನೆ. ಬೇಡ ಅನ್ನಬೇಡಿ.

ನಿವೃತ್ತ_ಮೇಷ್ಟ್ರು
ಮಗಾ, ಹಾಗೆ ಹೇಳಿದವರು ತಪ್ಪು ಹೇಳಿದರು. ಮಣ್ಣಿನ ಕೈ ತೊಳೆಯುವ ಮುಂಚೆ ಹೇಳುವ ಮಾತಲ್ಲ ಅದು.

ಈಗ ಆ ಪ್ರಾರ್ಥನೆಯ ಸಾಲನ್ನೇ ಹಿಡಿದು ನೋಡು. "ನೆರವೇರುತ್ತಿದೆ" ಅಂತ ಇಲ್ಲ, "ನೆರವೇರಲಿ" ಅಂತಿದೆ. ಪರಲೋಕದಲ್ಲಿ ನೆರವೇರುವ ಪ್ರಕಾರ ಭೂಲೋಕದಲ್ಲಿಯೂ ನೆರವೇರಲಿ. ಅಂದರೆ ಇಲ್ಲಿ ಇನ್ನೂ ಪೂರ್ತಿ ನೆರವೇರುತ್ತಿಲ್ಲ ಅಂತಲೇ ಅರ್ಥ. ಭೂಮಿ ಮೇಲೆ ಆಗುವುದೆಲ್ಲ ದೇವರ ಚಿತ್ತವೇ ಆಗಿದ್ದರೆ ದಿನಾ ಕೇಳಿಕೊಳ್ಳುವ ಅಗತ್ಯ ಏನಿತ್ತು? ನಿಮ್ಮ ಅಪ್ಪನಿಗೆ ಬೆಡ್ ಸಿಗದೆ ಹೋದದ್ದು ಈ ಸಾಲು ಇನ್ನೂ ನೆರವೇರದೆ ಬಾಕಿ ಇರುವ ಜಾಗ.

"ಚಿತ್ತ" ಅಂದರೆ ಬರೀ ಅಪ್ಪಣೆಯಲ್ಲ. ನಾಟಕದಲ್ಲಿ ಸೇವಕ "ತಮ್ಮ ಚಿತ್ತ ಪ್ರಭು" ಅನ್ನುತ್ತಾನಲ್ಲ, ಅದನ್ನು ಕೇಳಿ ಕೇಳಿ ನಮಗೆ ಹಾಗನ್ನಿಸಿದೆ. ಚಿತ್ತ ಅಂದರೆ ಮೊದಲು ಮನಸ್ಸು. ನಿನ್ನ ಮನಸ್ಸಿನಲ್ಲಿರುವ ಹಾಗೆ ನಮ್ಮ ಮನೆಯಲ್ಲೂ ಆಗಲಿ ಅಂತ ಓದಿ ನೋಡು.

ಕಡಲತೀರ
ಕಿಟ್ಟೆಲ್ ನಿಘಂಟಿನಲ್ಲಿ ಈ ಪದಕ್ಕೆ ಏನಿದೆ ಮೇಷ್ಟ್ರೇ? 1894ರಲ್ಲಿ ನಮ್ಮ ಮಂಗಳೂರಿನಲ್ಲಿ ಅಚ್ಚಾದದ್ದು ಅದು.

ನಿವೃತ್ತ_ಮೇಷ್ಟ್ರು
ನನ್ನ ಪ್ರತಿ ಮಗಳ ಮನೆಯಲ್ಲಿದೆ. ಮಂಗಳೂರಿನವರಿಗೆ 1834ರಿಂದಲೂ ಹೆಮ್ಮೆ ಜಾಸ್ತಿ ಬಿಡಿ, ಬಾಸೆಲ್‌ನವರು ಮೊದಲು ಇಳಿದದ್ದು ಅಲ್ಲೇ ತಾನೆ. ನಿಘಂಟಿನ ಮಾತು ಇನ್ನೊಮ್ಮೆ ಆಡೋಣ. ತಂಗಿಯ ಕಡೆ ನೋಡೋಣ ಈಗ.

ರಾತ್ರಿಪಾಳಿ
ಬಂದೆ. ಅಕ್ಕ, ಗಮನವಿಟ್ಟು ಓದಿ.

ನಿಮ್ಮ ಅತ್ತೆ ಹಟ ಮಾಡುತ್ತಿಲ್ಲ. ಲಕ್ವ ಹೊಡೆದ ಎಷ್ಟೋ ಜನರಿಗೆ ನುಂಗುವುದೇ ಕಷ್ಟವಾಗುತ್ತದೆ. ಬಾಯಿಯ ಒಂದು ಕಡೆ ಸ್ಪರ್ಶ ಸರಿಯಾಗಿ ಗೊತ್ತಾಗುವುದಿಲ್ಲ, ನಾಲಿಗೆ ಗಂಜಿಯನ್ನು ಹಿಂದಕ್ಕೆ ತಳ್ಳುವುದಿಲ್ಲ. ಅದಕ್ಕೇ ಹೊರಗೆ ಬರುತ್ತದೆ. ತೆಳ್ಳಗಿನ ಗಂಜಿ, ನೀರು ಇವೇ ಹೆಚ್ಚು ಕಷ್ಟ, ಬೇಗ ಜಾರಿ ಶ್ವಾಸನಾಳಕ್ಕೆ ಹೋಗಬಹುದು. ಹಾಗೆ ಹೋದರೆ ನ್ಯುಮೋನಿಯಾ ಆಗುವ ಭಯ.

ಮಲಗಿಸಿ ತಿನ್ನಿಸಲೇಬೇಡಿ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ. ಟೀ ಚಮಚದಲ್ಲಿ ಅರ್ಧ ಮಾತ್ರ, ಚೆನ್ನಾಗಿರುವ ಎಡಗಡೆ ಬಾಯಿಗೆ ಇಡಿ. ಗದ್ದ ಸ್ವಲ್ಪ ಕೆಳಗೆ ಇರಲಿ. ಒಂದು ತುತ್ತು ನುಂಗಿದ್ದು ಕಂಡ ಮೇಲೆ ಇನ್ನೊಂದು. ಊಟ ಆದ ಮೇಲೆ ಅರ್ಧ ಗಂಟೆ ಹಾಗೇ ಕೂತಿರಲಿ. ತಿನ್ನುವಾಗ ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ ನಿಲ್ಲಿಸಿಬಿಡಿ. ಗಂಜಿ ಎಷ್ಟು ಗಟ್ಟಿ ಇರಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಈ ವಾರವೇ ಡಾಕ್ಟರಿಗೆ ಹೇಳಿ ನುಂಗುವುದನ್ನು ಪರೀಕ್ಷೆ ಮಾಡಿಸಿ, ಸ್ಪೀಚ್ ಥೆರಪಿಸ್ಟ್ ಅದನ್ನು ನೋಡುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದೀರಲ್ವಾ?

ಇನ್ನೊಂದು ಮಾತು. ಬಲಗಡೆ ಬಿದ್ದು ಮಾತು ನಿಂತವರಲ್ಲಿ ಕೆಲವರಿಗೆ ಹೊಸದಾಗಿ ಒಂದು ಪದ ಹೇಳಲು ಆಗದಿದ್ದರೂ ಬಾಯಿಪಾಠ ಇರುವ ಹಾಡು, ಪ್ರಾರ್ಥನೆ ಬರುತ್ತದೆ. ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜ ತನ್ನ ಹೆಸರು ಹೇಳಲಾರರು, ಮಗ್ಗಿ ಹೇಳುತ್ತಿದ್ದರು. ಮಂಚದ ಹತ್ತಿರವೇ ಕೂತು ಕುಟುಂಬ ಪ್ರಾರ್ಥನೆ ಮಾಡಿ. ನಿಧಾನವಾಗಿ ಹೇಳಿ.

ಹುಬ್ಬಳ್ಳಿ_ಸೊಸೆ
ನಾಲ್ಕು ತಿಂಗಳಲ್ಲಿ ಇದನ್ನು ಯಾರೂ ನನಗೆ ಹೇಳಲಿಲ್ಲ. ಡಿಸ್ಚಾರ್ಜ್ ದಿನ "ಗಂಜಿ ಕೊಡಿ" ಅಂದರು, ಅಷ್ಟೇ. ನಾನು ನೀರಿನಂಥ ಗಂಜಿ ಮಾಡಿ, ಎರಡೇ ದಿಂಬು ಹಾಕಿ ಮಲಗಿಸಿಕೊಂಡೇ ಕೊಡುತ್ತಿದ್ದೆ. ಹಟ ಅಂತ ಬೈದೆನಲ್ಲ. ಅವರಿಗೆ ನುಂಗಲು ಆಗುತ್ತಿರಲಿಲ್ಲ, ಹೇಳಲೂ ಆಗುತ್ತಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಬರುತ್ತೇನೆ.

ಹಾಸನ_ಅಕ್ಕ
ಆ ತಾಯಿ ಬರುವವರೆಗೆ ನನ್ನದೊಂದು ಮಾತು. ನನಗೂ 14 ವರ್ಷ ಎಲ್ಲರೂ "ಒಪ್ಪಿಸಿಬಿಡು" ಅಂದರು. ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ಸಭೆಯ ಹಿರಿಯ ಹೆಂಗಸರು "ಶಿಲುಬೆ ಹೊರು, ಕರ್ತನಿಗೆ ಒಪ್ಪಿಸು" ಅಂದರು. ನಾನು ಹೊತ್ತೆ. ಒಂದು ದಿನ ಮಗನ ತೋಳು ಮುರಿಯಿತು. ಅವತ್ತು ತವರಿಗೆ ಬಂದೆ. ದೂರು ಕೊಟ್ಟೆ.

ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಗೆತ್ಸೇಮನೆ ತೋಟದಲ್ಲಿ ಮೂರು ಸಲ ಪ್ರಾರ್ಥಿಸಿದ. "ಆದರೆ ನಿನ್ನ ಚಿತ್ತ" ಅನ್ನುವ ಮುಂಚೆ "ಈ ಪಾತ್ರೆ ನನ್ನಿಂದ ದೂರ ಹೋಗಲಿ" ಅಂತ ಬಾಯಿಬಿಟ್ಟು ಕೇಳಿದ. ನಮಗೆ ಆ ಮೊದಲ ಮಾತನ್ನು ಆಡಲು ಯಾರೂ ಬಿಡುವುದಿಲ್ಲ, ಸೀದಾ ಎರಡನೆಯದಕ್ಕೆ ಎಳೆದುಕೊಂಡು ಹೋಗುತ್ತಾರೆ. ನನ್ನಂತೆ ಹೊಡೆತ ತಿನ್ನುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಹೊಡೆತವನ್ನು ದೇವರಿಗೆ ಒಪ್ಪಿಸಬೇಕಾಗಿಲ್ಲ. ನಿಲ್ಲಿಸಬೇಕು.

ನಾನು ಒಪ್ಪಿಸಿದ್ದು ಬೇರೆ. ಅವನು ಬದಲಾಗಬೇಕು, ನಾನೇ ಬದಲಾಯಿಸುತ್ತೇನೆ ಅನ್ನುವ ಆಸೆಯನ್ನು ಒಪ್ಪಿಸಿದೆ. ತವರಿಗೆ ಬಂದು ಎರಡು ವರ್ಷ ಬೇಕಾಯಿತು ಅದಕ್ಕೆ.

ವಾಕ್ಯವೇ_ದೀಪ
ಹಾಸನದ ಅಕ್ಕ, ನಿಮ್ಮ ಮಾತು ಓದಿ ಒಂದು ಗಂಟೆ ಸುಮ್ಮನೆ ಕೂತೆ. ನಾನು ಬರೆದ 5:22ರ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ವಾಕ್ಯ ತಪ್ಪಲ್ಲ, ನಾನು ಅದನ್ನು ಇಟ್ಟ ಜಾಗ ತಪ್ಪು. ನಮ್ಮ ತಾಯಿ ಹಾಸಿಗೆ ಹಿಡಿದಿದ್ದು ಆರು ವರ್ಷ. ನೋಡಿಕೊಂಡವಳು ನನ್ನ ಹೆಂಡತಿ. ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪ್ರಾರ್ಥನೆ ಮಾಡುತ್ತಿದ್ದೆ. ಅವಳು ಅದೇ ಹೊತ್ತಿಗೆ ಅಮ್ಮನ ಬಟ್ಟೆ ಬದಲಿಸುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನೀರಿನ ಸದ್ದು ಕೇಳುತ್ತಿತ್ತು, ನಾನು ಎದ್ದು ಹೋಗಲಿಲ್ಲ.

ಹಾಸನ_ಅಕ್ಕ
ಇದನ್ನು ನಿಮ್ಮ ಹೆಂಡತಿಗೆ ಹೇಳಿದ್ದೀರಾ ಅಣ್ಣಾ?

ವಾಕ್ಯವೇ_ದೀಪ
ಇಲ್ಲ. ಹೇಳುತ್ತೇನೆ.

ಶಿವಾಜಿನಗರದವಳು
ನಮ್ಮ ಕಥೋಲಿಕರಲ್ಲಿ ಸಂತರು ಅಂದರೆ ಕನ್ಯಾಸ್ತ್ರೀಯರು, ಗುರುಗಳು, ರಕ್ತಸಾಕ್ಷಿಗಳೇ ಜಾಸ್ತಿ. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಒಂದು ಜೋಡಿಯನ್ನು, ಗಂಡಹೆಂಡತಿಯನ್ನು ಒಟ್ಟಿಗೆ ಸಂತರೆಂದು ಸಾರಿದರು. ಲೂಯಿ ಮತ್ತು ಝೇಲಿ ಮಾರ್ಟಿನ್, ಸಂತ ತೆರೇಸಾ ಆಫ್ ಲಿಸಿಯು ಅವರ ಅಪ್ಪ ಅಮ್ಮ. ಝೇಲಿ ಫ್ರಾನ್ಸಿನ ಅಲಾನ್ಸೋಂ ಊರಿನಲ್ಲಿ ಲೇಸ್ ಹೆಣೆಸುವ ವ್ಯಾಪಾರ ನಡೆಸುತ್ತಿದ್ದರು. ಒಂಬತ್ತು ಮಕ್ಕಳಲ್ಲಿ ನಾಲ್ಕು ಎಳೆತನದಲ್ಲೇ ಹೋದವು. 1877ರಲ್ಲಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು. ಅವರು ಬರೆದ ಇನ್ನೂರಕ್ಕೂ ಹೆಚ್ಚು ಕಾಗದಗಳು ಉಳಿದಿವೆ. ಅದರಲ್ಲಿ ದರ್ಶನಗಳ ಮಾತಿಲ್ಲ. ಆರ್ಡರ್ ತಡವಾಯಿತು, ಮಗುವಿಗೆ ಹಾಲು ಸಾಲದು, ಸಾಕಾಗಿದೆ, ಈ ಮಗಳು ಹಟಮಾರಿ, ಇಂಥವೇ. ಅವರ ಹೆಂಡತಿತನ, ತಾಯ್ತನ, ದಣಿವು ಎಲ್ಲವನ್ನೂ ಸೇರಿಸಿಯೇ ಪೀಠಕ್ಕೆ ಏರಿಸಿದರು. ಲೂಯಿ ತಮ್ಮ ಗಡಿಯಾರದ ಅಂಗಡಿಯನ್ನು ಬಿಟ್ಟುಕೊಟ್ಟು ಹೆಂಡತಿಯ ವ್ಯಾಪಾರಕ್ಕೆ ಸೇರಿಕೊಂಡರು ಅನ್ನುವುದು ನನಗೆ ಬಹಳ ಇಷ್ಟ.

ಮೂರನೇ_ಮಗ
ಲೂಯಿಯ ವಿಷಯ ಗೊತ್ತಿರಲಿಲ್ಲ. ಇದನ್ನು ಮದುವೆಯ ಪ್ರಸಂಗದಲ್ಲಿ ಯಾಕೆ ಹೇಳುವುದಿಲ್ಲ?

ಕಡಲತೀರ
ನಮ್ಮಲ್ಲಿ ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಆದ ಮೇಲೆ ಚಿಕ್ಕವರು ದೊಡ್ಡವರ ಹತ್ತಿರ ಹೋಗಿ ಬೆಸಾಂವ್ ಕೇಳುತ್ತೇವೆ, ಆಶೀರ್ವಾದ. ಅಜ್ಜಿ ಕೊನೆಯ ಎರಡು ವರ್ಷ ಮಲಗಿದ್ದಲ್ಲೇ. ನಮ್ಮ ಹೆಸರು ಮರೆತಿದ್ದರು. ಆದರೂ ಅಮ್ಮ ಬಿಡುತ್ತಿರಲಿಲ್ಲ, "ಹೋಗಿ ಬೆಸಾಂವ್ ಕೇಳಿ" ಅನ್ನುತ್ತಿದ್ದರು. ನಾವು ತಲೆ ಬಗ್ಗಿಸಿದರೆ ಅಜ್ಜಿಯ ಕೈ ತಾನಾಗಿ ಮೇಲೆ ಬರುತ್ತಿತ್ತು. ಇಡೀ ದಿನ ಅವರಿಗೆ ನಾವು ಮಾಡುವುದೇ ಆಗಿತ್ತು. ಆ ಒಂದು ಗಳಿಗೆ ಅವರು ನಮಗೆ ಕೊಡುತ್ತಿದ್ದರು. ಅಕ್ಕ, ನೀವು ಪ್ರೊಟೆಸ್ಟೆಂಟರು, ಈ ರೂಢಿ ಇರಲಿಕ್ಕಿಲ್ಲ. ಸುಮ್ನೆ ಹೇಳಿದೆ.

ಹುಬ್ಬಳ್ಳಿ_ಸೊಸೆ
ಮೂರು ದಿನ ಆಯಿತು ಬಂದು. ಎಲ್ಲರ ಮಾತನ್ನೂ ಓದಿದ್ದೇನೆ. ಅಳುತ್ತಾ ಓದುತ್ತಿದ್ದುದನ್ನು ನೋಡಿ ಇವರು ಫೋನ್ ಇಸಿದುಕೊಂಡು ತಾವೂ ಓದಿದರು, ಮೊದಲಿನಿಂದ ಕೊನೆತನಕ. ಏನೂ ಹೇಳಲಿಲ್ಲ. ಮಾರನೇ ದಿನ ಪಾಳಿ ಮುಗಿಸಿ ಬಂದವರು ಕೈಕಾಲು ತೊಳೆದು "ಬಟ್ಟಲ ಕೊಡು" ಅಂದರು.

ಡಾಕ್ಟರ್ ಹತ್ತಿರ ಹೋಗಿ ಬಂದೆವು. ನುಂಗುವುದು ನಿಜಕ್ಕೂ ಕಷ್ಟ ಇದೆಯಂತೆ. ರಾಗಿ ಗಂಜಿ ಎಷ್ಟು ಗಟ್ಟಿ ಇರಬೇಕು ಅಂತ ಚಮಚ ಓರೆ ಮಾಡಿ ತೋರಿಸಿದರು. ಈಗ ಬೆನ್ನಿಗೆ ನಾಲ್ಕು ದಿಂಬು. ಒಂದು ಬಟ್ಟಲಿಗೆ 40 ನಿಮಿಷ ಹಿಡಿಯುತ್ತದೆ. ಬೆಳಿಗ್ಗೆ ನಾನು, ರಾತ್ರಿ ಅವರು. ಅವರ ರಾತ್ರಿ ಪಾಳಿ ಇದ್ದಾಗ ಮಗ. ಮಗ ಚಮಚ ಹಿಡಿದದ್ದು ಇದೇ ಮೊದಲು, ಅವನ ಕೈ ನಡುಗುತ್ತಿತ್ತು.

ಮೇಷ್ಟ್ರು ಹೇಳಿದ ಹಾಗೆ ಲೆಕ್ಕ ಒಪ್ಪಿಸಿದೆ. ಮೊದಲು ಅತ್ತೆಗೆ. ಹತ್ತಿರ ಕೂತು "ತಪ್ಪು ತಿಳಿದೆ ಅತ್ತೆ, ಹಟ ಅಂದೆ, ಬಟ್ಟಲು ಕುಕ್ಕಿದೆ" ಅಂದೆ. ಅವರು ಎಡಗೈಯಲ್ಲಿ ನನ್ನ ಸೆರಗಿನ ತುದಿ ಹಿಡಿದುಕೊಂಡರು, ತುಂಬಾ ಹೊತ್ತು ಬಿಡಲಿಲ್ಲ. ಸಿಟ್ಟಾ, ಕ್ಷಮೆಯಾ ಗೊತ್ತಾಗಲಿಲ್ಲ. ಆಮೇಲೆ ಅದನ್ನೇ ದೇವರ ಮುಂದೆ, ಮಗಳ ಎದುರಿಗೇ ಹೇಳಿದೆ. ಅವಳು ಅವತ್ತು ನೋಡಿದ್ದಳಲ್ಲ.

ನಿನ್ನೆ ರಾತ್ರಿ ಎಲ್ಲರೂ ಮಂಚದ ಸುತ್ತ ಕೂತೆವು. ಕರ್ತನ ಪ್ರಾರ್ಥನೆ, ನಿಧಾನವಾಗಿ. ಚಿತ್ತದ ಸಾಲು ಬಂತು. ನಾನು ಹೇಳಿದೆ, ದನಿ ಸಣ್ಣಗಿತ್ತು. ಅತ್ತೆ ಸುಮ್ಮನಿದ್ದರು, ತುಟಿ ಮಾತ್ರ ಅಲುಗುತ್ತಿತ್ತು. "ನಮ್ಮ ಅನುದಿನದ ಆಹಾರವನ್ನು" ಅಂದೆವು. ಉಸಿರಿಗೆ ಒಂದು ಕ್ಷಣ ನಿಂತೆವು. ಆ ಸಂದಿನಲ್ಲಿ ಅತ್ತೆಯ ದನಿ, "ಈ ಹೊತ್ತು".

ಸ್ಪಷ್ಟವಾಗಿ. ಎರಡೇ ಪದ. ಮುಂದೆ ಯಾರಿಗೂ ಹೇಳಲು ಆಗಲಿಲ್ಲ. ಇವರು ಮುಖ ಮುಚ್ಚಿಕೊಂಡರು. ಕೊನೆಗೆ ಮಗಳೇ ಒಬ್ಬಳು ಆಮೆನ್ ತನಕ ಹೇಳಿ ಮುಗಿಸಿದಳು.

ಇವತ್ತು ಬೆಳಿಗ್ಗೆ ಮತ್ತೆ ಮಾತಿಲ್ಲ. ಗಂಜಿ ಮುಕ್ಕಾಲು ಬಟ್ಟಲು ಹೋಯಿತು.

ರಾತ್ರಿಪಾಳಿ
ಮುಕ್ಕಾಲು ಬಟ್ಟಲು! ಅಕ್ಕ, ದಿನಾ ಅದೇ ಹೊತ್ತಿಗೆ, ಅದೇ ನಿಧಾನಕ್ಕೆ ಹೇಳಿ. ಅವರು ಕಲಿಸಿದ ಸಂಡೇ ಸ್ಕೂಲ್ ಹಾಡುಗಳನ್ನೂ ಹಾಡಿ ನೋಡಿ. ಬರಲೇಬೇಕು ಅಂತ ಕಾಯಬೇಡಿ.

ನಿವೃತ್ತ_ಮೇಷ್ಟ್ರು
"ಈ ಹೊತ್ತು." ತಂಗಿ, ಇವತ್ತು ರಾತ್ರಿ ನಾನೂ ಅಲ್ಲಿಗೆ ಬಂದಾಗ ಒಂದು ಕ್ಷಣ ನಿಲ್ಲುತ್ತೇನೆ.

ಮೂರನೇ_ಮಗ
ಅಕ್ಕ, ನಮ್ಮ ಅಜ್ಜಿಗೆ ತಂದ ಏರ್ ಬೆಡ್ ಮನೆಯಲ್ಲಿ ಸುಮ್ನೆ ಇದೆ, ಪಂಪ್ ಸಮೇತ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹಾಕಿ ಕಳಿಸುತ್ತೇನೆ. ನಿಮ್ಮವರಿಗೆ ಬಸ್ ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳಲು ಯಾವ ದಿನ ಬಿಡುವಿದೆ ಕೇಳಿ ಹೇಳಿ.

ಹುಬ್ಬಳ್ಳಿ_ಸೊಸೆ
ಶುಕ್ರವಾರ ವಾರದ ರಜೆ. ಬರುತ್ತಾರಂತೆ.